ನಾಯಿಯ ಕಿವಿ ಸೋರಿದರೆ ಸೂಜಿ, ಚೀನಾ ಪುಡಿ ಸಾಕೆ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಮನೆಯ ಲ್ಯಾಬ್ರಡಾರ್ ನಾಯಿಗೆ ನಾಲ್ಕು ವರ್ಷ. ಮಳೆಗಾಲ ಬಂತೆಂದರೆ ಕಿವಿ ಸೋರುತ್ತದೆ, ಕೆಟ್ಟ ವಾಸನೆ ಬರುತ್ತದೆ, ರಾತ್ರಿಯೆಲ್ಲ ತಲೆ ಕೊಡವುತ್ತದೆ. ಮೆಡಿಕಲ್ ಅಂಗಡಿಯಿಂದ ಹನಿ ಔಷಧಿ ತಂದು ಹಾಕಿದರೆ ವಾರದಲ್ಲಿ ಕಡಿಮೆಯಾಗಿ ತಿಂಗಳೊಳಗೆ ಮತ್ತೆ ಶುರುವಾಗುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಅಳಿಯ, ನಾಯಿಗಳಿಗೂ ಅಕ್ಯುಪಂಕ್ಚರ್ ಮಾಡುತ್ತಾರೆ, ಚೀನಾದ ಗಿಡಮೂಲಿಕೆ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೇರುಸಹಿತ ವಾಸಿಯಾಗುತ್ತದೆ ಅನ್ನುತ್ತಾರೆ. ಇಂಗ್ಲಿಷ್ ಔಷಧಿ ಬಿಟ್ಟು ಅದನ್ನೇ ಮಾಡಿಸಲೇ? — ಲಿಂಗಸುಗೂರಿನ ಓದುಗರು

ಉತ್ತರ: ಬಿಡಬೇಡಿ. ಆದರೆ ಈಗ ಹಾಕುತ್ತಿರುವ ಹನಿಯನ್ನೂ ಹೀಗೆಯೇ ಮುಂದುವರಿಸಬೇಡಿ. ಯಾವ ಪದ್ಧತಿಯ ಔಷಧಿ ಎನ್ನುವುದು ಆಮೇಲಿನ ಮಾತು. ಕಿವಿಯೊಳಗೆ ಏನಿದೆ ಎಂದು ಇದುವರೆಗೆ ಯಾರೂ ನೋಡಿದಂತಿಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಅದು.

ನಾಯಿಯ ಕಿವಿಯ ನಾಳ ನಮ್ಮದರಂತೆ ನೇರವಲ್ಲ. ಮೇಲಿನಿಂದ ಕೆಳಕ್ಕಿಳಿದು, ನೀರಿನ ಪೈಪಿನ ಎಲ್ಬೋದಂತೆ ಅಡ್ಡಕ್ಕೆ ತಿರುಗಿ, ಕಿವಿ ತಮಟೆಯನ್ನು ಮುಟ್ಟುತ್ತದೆ. ಲ್ಯಾಬ್ರಡಾರ್‌ನ ಜೋಲುಗಿವಿ ಅದರ ಬಾಯಿ ಮುಚ್ಚುವುದರಿಂದ ಒಳಗೆ ಸೆಕೆ, ತೇವ ಎರಡೂ ನಿಲ್ಲುತ್ತವೆ. ಅಲ್ಲಿ ಮೊದಲೇ ಸ್ವಲ್ಪ ಇರುವ ಮಲಸೀಜಿಯಾ ಎಂಬ ಯೀಸ್ಟ್ ಹೆಚ್ಚಿದರೆ ಕಂದು ಬಣ್ಣದ, ಹುಳಿ ನಾತದ ಜಿಡ್ಡು ಬರುತ್ತದೆ. ಸ್ಟೆಫಿಲೊಕಾಕಸ್ ಅಥವಾ ಸೂಡೊಮೊನಾಸ್ ಬ್ಯಾಕ್ಟೀರಿಯಾ ಆದರೆ ಹಳದಿ, ಹಸಿರು ಕೀವು. ಮರಿಗಳಲ್ಲಿ ಕಿವಿ ನುಸಿ ಸೇರಿದರೆ ಕಪ್ಪು ಒಣ ಪುಡಿ. ಬಣ್ಣ, ವಾಸನೆ ನೋಡಿ ಊಹಿಸಬಹುದೇ ಹೊರತು ಖಚಿತವಾಗಿ ಹೇಳಲಾಗದು. ಹತ್ತಿಯಿಂದ ಒಂದಿಷ್ಟು ಸ್ರಾವ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ. ದನಗಳ ರಕ್ತದ ಲೇಪ ನೋಡುವ ಸೂಕ್ಷ್ಮದರ್ಶಕವೇ ಇದಕ್ಕೆ ಸಾಕು. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ವಾರದಲ್ಲಿ ಗುಣ, ತಿಂಗಳಲ್ಲಿ ಮರಳಿ ಯಾಕೆ ಎನ್ನುವುದಕ್ಕೂ ಉತ್ತರವಿದೆ. ಅಂಗಡಿಯ ಕಿವಿ ಹನಿಗಳಲ್ಲಿ ಹಲವು ಬ್ಯಾಕ್ಟೀರಿಯಾ ನಾಶಕ, ಶಿಲೀಂಧ್ರ ನಾಶಕ, ಸ್ಟೀರಾಯ್ಡ್ ಮೂರನ್ನೂ ಬೆರೆಸಿದವು. ಸ್ಟೀರಾಯ್ಡ್ ಮೊದಲು ತುರಿಕೆ, ಬಾವು ಇಳಿಸುತ್ತದೆ. ನಾಯಿ ಕೆರೆಯುವುದು ನಿಂತೊಡನೆ ನಾವು ಹನಿ ನಿಲ್ಲಿಸುತ್ತೇವೆ, ಸೋಂಕು ಮಾತ್ರ ತಿರುವಿನ ಆಚೆ ಉಳಿದಿರುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಾಕಿ, ಮತ್ತೊಮ್ಮೆ ಗಾಜಿನ ಮೇಲೆ ನೋಡಿಯೇ ನಿಲ್ಲಿಸಬೇಕು. ಇನ್ನೊಂದು ಎಚ್ಚರ: ತಮಟೆ ಹರಿದಿದ್ದಾಗ ಜೆಂಟಾಮೈಸಿನ್, ನಿಯೊಮೈಸಿನ್‌ನಂಥ ಹನಿಗಳು ಒಳಗಿವಿಗೆ ಇಳಿದು ಕಿವುಡು ತರಬಲ್ಲವು. ಕಿವಿಯೊಳಗೆ ಬೆಳಕು ಬಿಟ್ಟು ತಮಟೆ ನೋಡದೆ ಯಾವ ಹನಿಯೂ ಬೇಡ.

ಇನ್ನು ಅಕ್ಯುಪಂಕ್ಚರ್. ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್ ಅವರ ಜೊತೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು ಮುಂದೆ ಅದನ್ನು ಅಲ್ಲಿಯೇ ಕಲಿತು ಕೋಲ್ಕತ್ತದಲ್ಲಿ ನೆಲೆಗೊಳಿಸಿದರು. ಪ್ರಾಣಿಗಳ ಅಕ್ಯುಪಂಕ್ಚರ್ ಕಲಿಸುವ ಅಂತರರಾಷ್ಟ್ರೀಯ ಸಂಘ 1974ರಿಂದ ಇದೆ. ಆದರೆ 2006ರಲ್ಲಿ ಸಾಕುಪ್ರಾಣಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದವರು, ಯಾವ ಕಾಯಿಲೆಗೂ ಅದನ್ನು ಶಿಫಾರಸು ಮಾಡುವಷ್ಟಾಗಲಿ, ತಿರಸ್ಕರಿಸುವಷ್ಟಾಗಲಿ ಗಟ್ಟಿ ಪುರಾವೆ ಸಿಗಲಿಲ್ಲ ಎಂದರು. ಕೀಲು, ಬೆನ್ನು ನೋವಿನ ನಾಯಿಗಳಿಗೆ ಜೊತೆ ಚಿಕಿತ್ಸೆಯಾಗಿ ಅದನ್ನು ಮಾಡುವ ಪಶುವೈದ್ಯರಿದ್ದಾರೆ. ಸೋರುವ ಕಿವಿಯ ಮಾತು ಬೇರೆ. ಕಿವಿಯ ಹಿಂದೆ ಚುಚ್ಚಿದ ಸೂಜಿ ನಾಳದ ತಿರುವಿನಲ್ಲಿ ಕುಳಿತ ಯೀಸ್ಟನ್ನು ಕೊಲ್ಲದು, ಹೆಪ್ಪುಗಟ್ಟಿದ ಕೀವನ್ನು ಹೊರಗೆ ತೆಗೆಯದು. ಮಾಡಿಸಲೇಬೇಕೆಂದಿದ್ದರೆ ಪಶುವೈದ್ಯರಿಂದ, ಕಿವಿಯ ಚಿಕಿತ್ಸೆಯ ಜೊತೆಗೆ ಮಾಡಿಸಿ. ಮೊದಲು ರಕ್ತ ಪರೀಕ್ಷೆ ಆಗಿರಲಿ. ನಮ್ಮ ಬಿಸಿಲು ಸೀಮೆಯಲ್ಲಿ ಉಣ್ಣೆ ಹೆಚ್ಚು. ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ಸೂಜಿ ಚುಚ್ಚಿದಲ್ಲಿ ರಕ್ತ ನಿಲ್ಲುವುದು ಕಷ್ಟ.

ಪುಡಿಯ ವಿಷಯದಲ್ಲಿ ನನ್ನ ಮಾತು ಇನ್ನೂ ಕಟ್ಟುನಿಟ್ಟು. ಚೀನೀ ವೈದ್ಯದಲ್ಲಿ ಇಂಥ ಕಿವಿಯನ್ನು ತೇವ ಮತ್ತು ಉಷ್ಣದ ಕಾಯಿಲೆ ಎಂದು ಎಣಿಸಿ, ಲಾಂಗ್ ಡಾನ್ ಶಿಯೆ ಗಾನ್ ಎಂಬ ಹತ್ತು ಮೂಲಿಕೆಗಳ ಮಿಶ್ರಣ ಕೊಡುವ ರೂಢಿಯಿದೆ. ಅದರಲ್ಲಿ ಸೇರಬೇಕಾದ ಮು ಟಾಂಗ್ ಎಂಬ ಬಳ್ಳಿಯ ಜಾಗದಲ್ಲಿ ಬಹುಕಾಲ ಅರಿಸ್ಟಲೋಕಿಯಾ ಕುಲದ ಇನ್ನೊಂದು ಬಳ್ಳಿ ಬಳಕೆಯಾಯಿತು. ಅದರಲ್ಲಿರುವ ಅರಿಸ್ಟಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಔಷಧಿಯಲ್ಲಿ ಇದೇ ಕುಲದ ಬೇರು ತಪ್ಪಾಗಿ ಸೇರಿ ಎಷ್ಟೋ ಮಹಿಳೆಯರ ಮೂತ್ರಪಿಂಡಗಳು ನಿಂತುಹೋದವು. ಚೀನಾ ಸರ್ಕಾರವೇ 2003ರಲ್ಲಿ ಮು ಟಾಂಗ್ ಜಾಗದ ಆ ಬಳ್ಳಿಯನ್ನು ಕೈಬಿಟ್ಟಿತು. ಹಾವು ಕಡಿತಕ್ಕೆಂದು ನಮ್ಮಲ್ಲಿ ನಾಟಿ ಔಷಧಿಯಾಗಿ ಬಳಸುತ್ತ ಬಂದಿರುವ ಈಶ್ವರಿ ಬೇರು ಕೂಡ ಅದೇ ಕುಲದ್ದು. ಆದ್ದರಿಂದ ಚೀನಾದ್ದು ಕೆಟ್ಟದ್ದು, ನಮ್ಮದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಚೀನಾದ ಮೂಲಿಕೆಯಿಂದಲೇ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ತೆಗೆದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅವರು ಗಿಡದಲ್ಲಿನ ಅಂಶವನ್ನು ಬೇರ್ಪಡಿಸಿ, ಅಳೆದು, ಪರೀಕ್ಷಿಸಿದರು. ಆನ್‌ಲೈನ್‌ನಲ್ಲಿ ಬರುವ ಪೊಟ್ಟಣದ ಮೇಲೆ ಏನೇನು ಎಷ್ಟೆಷ್ಟಿದೆ ಎಂದು ಬರೆದಿಲ್ಲದಿದ್ದರೆ ಅದು ನಿಮ್ಮ ನಾಯಿಯ ಬಾಯಿಗೆ ಹೋಗಬಾರದು. ಆ ಮಿಶ್ರಣದಲ್ಲಿ ಜೇಷ್ಠಮಧುವೂ ಇದೆ. ತುರಿಕೆಗೆಂದು ಪ್ರೆಡ್ನಿಸೊಲೋನ್ ನುಂಗುತ್ತಿರುವ ನಾಯಿಗೆ ಅದನ್ನು ಹೆಚ್ಚು ದಿನ ಕೊಟ್ಟರೆ ಪೊಟ್ಯಾಸಿಯಂ ಇಳಿಯಬಹುದು.

ಹಾಗಾದರೆ ಬೇರುಸಹಿತ ಹೋಗುವುದು ಹೇಗೆ? ಪ್ರತಿ ಮಳೆಗಾಲ ಮರಳುವ ಕಿವಿಯ ಹಿಂದೆ ಬಹುಪಾಲು ಅಲರ್ಜಿ ಇರುತ್ತದೆ. ಪಾದ ನೆಕ್ಕುತ್ತದೆಯೇ, ಕಂಕುಳು, ಹೊಟ್ಟೆ ಕೆಂಪಾಗುತ್ತವೆಯೇ, ನೋಡಿ. ಇದ್ದರೆ ವೈದ್ಯರು ಹೇಳಿದಂತೆ, ಇದುವರೆಗೆ ತಿನ್ನದ ಒಂದೇ ಬಗೆಯ ಮಾಂಸವನ್ನು ಎಂಟು ವಾರ ಕೊಟ್ಟು ಪರೀಕ್ಷಿಸಬೇಕು. ಆ ಎಂಟು ವಾರ ಚಹಾದೊಳಗೆ ಅದ್ದಿದ ಬಿಸ್ಕತ್ತು, ಮಕ್ಕಳು ಎಸೆಯುವ ಕೋಳಿ ತುಂಡು ಎಲ್ಲ ಬಂದ್. ಮನೆಮಂದಿಯೆಲ್ಲ ಒಪ್ಪಿದರೆ ಮಾತ್ರ ಇದು ಸಾಧ್ಯ.

ಪ್ರಶ್ನೆ: ನಮ್ಮ ಕುರಿ ಹಟ್ಟಿಯ ನಾಯಿಗೆ ಕಿವಿಯಲ್ಲಿ ಹುಳ ಬಿದ್ದಿವೆ. ಸೀಮೆಎಣ್ಣೆ ಬಿಟ್ಟರೆ ಉದುರುತ್ತವೆ ಎಂದು ಹಿರಿಯರು ಹೇಳುತ್ತಾರೆ. ಬಿಡಬಹುದೇ? — ಮಸ್ಕಿ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಸೀಮೆಎಣ್ಣೆ, ಫಿನಾಯಿಲ್, ತಂಬಾಕಿನ ನೀರು, ಸೀತಾಫಲದ ಬೀಜದ ಪುಡಿ, ಯಾವುದನ್ನೂ ಕಿವಿಯ ನಾಳಕ್ಕೆ ಹಾಕಬೇಡಿ. ಹುಳಗಳು ಮಾಂಸ ತಿನ್ನುತ್ತ ತಮಟೆಯವರೆಗೆ ಕೊರೆದಿರಬಹುದು, ಅಲ್ಲಿಗೆ ಬಿದ್ದ ಸೀಮೆಎಣ್ಣೆ ಸುಡುತ್ತದೆ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಮೊದಲು ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ. ನೊಣ ಕೂರದಂತೆ ನೆರಳಿನಲ್ಲಿಟ್ಟು ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಹೋಗಲು ಆಗದಿದ್ದರೆ ಪಶು ಸಂಚಾರಿ ಘಟಕದ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆಯಬೇಕು, ಆಳಕ್ಕಿಳಿದಿದ್ದರೆ ಮಂಪರು ಕೊಟ್ಟು ತೆಗೆಯಬೇಕು. ನಾಯಿಗೆ ರೇಬೀಸ್ ಲಸಿಕೆ ಆಗಿದೆಯೇ ಎಂದು ಅಲ್ಲೇ ನೋಡಿಸಿ.

ಪ್ರಶ್ನೆ: ನಮ್ಮ ನಾಯಿ ಬೇಸಿಗೆಯಲ್ಲಿ ದಿನವೂ ಎಡದಂಡೆ ಕಾಲುವೆಗೆ ಹಾರುತ್ತದೆ. ಈಗ ಎರಡು ದಿನದಿಂದ ತಲೆ ಒಂದು ಕಡೆ ವಾಲಿಸಿ ನಡೆಯುತ್ತದೆ, ಸುತ್ತು ಹೊಡೆಯುತ್ತದೆ. ಕಿವಿಯಲ್ಲಿ ನೀರು ಹೋಗಿರಬಹುದೇ? — ಸಿಂಧನೂರಿನ ಓದುಗರು

ಉತ್ತರ: ನೀರಷ್ಟೇ ಆದರೆ ತಲೆ ಕೊಡವುತ್ತಿತ್ತು, ವಾಲಿಸುತ್ತಿರಲಿಲ್ಲ. ನೀವು ಬರೆದದ್ದು ಸೋಂಕು ತಮಟೆ ದಾಟಿ ನಡುಗಿವಿ, ಒಳಗಿವಿಗೆ ಇಳಿದಿರುವ ಲಕ್ಷಣ ಇರಬಹುದು. ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿದ್ದರೆ, ಮುಖದ ಒಂದು ಭಾಗ ಜೋತುಬಿದ್ದಿದ್ದರೆ ಇನ್ನೂ ತುರ್ತು. ಇದಕ್ಕೆ ವಾರಗಟ್ಟಲೆ ಬಾಯಿಯಿಂದ ಕೊಡುವ ಆ್ಯಂಟಿಬಯೋಟಿಕ್ ಬೇಕಾಗಬಹುದು. ಸ್ಥಳೀಯ ವೈದ್ಯರು ಹೇಳಿದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಲು ಹಿಂದೆಗೆಯಬೇಡಿ. ಕಿವಿ ಹನಿ, ಎಣ್ಣೆ ಏನನ್ನೂ ಮನೆಯಲ್ಲಿ ಹಾಕಬೇಡಿ.

ವಾಸಿಯಾದ ಮೇಲೆ ಕಾಲುವೆಗೆ ಬಿಡಬಹುದು. ಆದರೆ ಪ್ರತಿ ಸಲ ಈಜಿ ಬಂದಾಗ ವೈದ್ಯರು ಸೂಚಿಸಿದ ನಾಯಿಗಳ ಕಿವಿ ತೊಳೆಯುವ ದ್ರಾವಣವನ್ನು ನಾಳ ತುಂಬುವಷ್ಟು ಹಾಕಿ, ಕಿವಿಯ ಬುಡವನ್ನು ಅರ್ಧ ನಿಮಿಷ ತಿಕ್ಕಿ, ಕೈ ಬಿಡಿ. ಅದೇ ತಲೆ ಕೊಡವಿ ಹೊರಗೆ ಹಾಕುತ್ತದೆ. ಹೊರಬಂದಷ್ಟನ್ನು ಹತ್ತಿಯಿಂದ ಒರೆಸಿ. ಇಯರ್ ಬಡ್ ಒಳಗೆ ತೂರಿಸಬೇಡಿ, ಅದು ಕೊಳೆಯನ್ನು ತಿರುವಿನ ಆಚೆಗೆ ನೂಕುತ್ತದೆ.