ಒಣ ಬ್ರಷ್ಷಿನ ಅಕ್ಷರ

ಈ ಸಲ ನಮ್ಮ ಗೋಡೆ ಪತ್ರಿಕೆಯ ಹೆಸರನ್ನು ನಾನು ಒಣ ಬ್ರಷ್ಷಿನಿಂದ ಬರೆದಿದ್ದೇನೆ. ಬಣ್ಣ ಸಾಲಲಿಲ್ಲವಾ ಅಂತ ಕೆಲವರು ಕೇಳಿದರು. ಹಾಗಲ್ಲ, ಬೇಕಂತಲೇ ಬರೆದದ್ದು.

ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ, ಬೇಗ ಎಳೆಯಬೇಕು. ಆಗ ಗೆರೆಯೊಳಗೆ ಕೂದಲೆಳೆಯಂಥ ಬಿಳಿ ಗೀರುಗಳು ಉಳಿಯುತ್ತವೆ. ಬರೆಯುವ ಸಾಧನ ಅಕ್ಷರದಲ್ಲಿ ಗುರುತು ಬಿಡುತ್ತದೆ. ಹರಿಹರದಲ್ಲಿ 1224ರಲ್ಲಿ ಕಟ್ಟಿದ ಹರಿಹರೇಶ್ವರ ಗುಡಿಯ ಶಾಸನಗಳಲ್ಲಿ ಉಳಿಯ ಗುರುತಿದೆ, ಇಲ್ಲಿರುವುದು ಬ್ರಷ್ಷಿನದು.

ಇಂಥ ಅಕ್ಷರಗಳು ಕಂಪ್ಯೂಟರಿನಲ್ಲೂ ಸಿಗುತ್ತವೆ. ಅವಕ್ಕೆ ಫಾಂಟ್ ಅನ್ನುತ್ತಾರೆ. ಕೈಬರಹವೋ ಫಾಂಟೋ ತಿಳಿಯಬೇಕಾದರೆ ‘ಕನಕ’ ಎಂಬ ಪದದ ಎರಡು ‘ಕ’ ನೋಡಿ. ಎರಡರಲ್ಲೂ ಗೀರು ಒಂದೇ ಥರ ಇದ್ದರೆ ಅದು ಫಾಂಟ್. ಕೆಲವು ಫಾಂಟುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟು ಇದನ್ನು ಮರೆಸುತ್ತಾರೆ.

ನಾಟಕ, ಜಾತ್ರೆ, ಆಟೋಟದ ಪೋಸ್ಟರಿಗೆ ಈ ಅಕ್ಷರ ಚಂದ. ಸಣ್ಣ ಬರಹಕ್ಕೆ ಬೇಡ. ಕೊಂಬು, ಒತ್ತಕ್ಷರಗಳು ಗೀರಿನಲ್ಲಿ ಕಳೆದುಹೋಗುತ್ತವೆ.

ನಾನೇ ಒಮ್ಮೆ ತಪ್ಪು ಮಾಡಿದೆ. ತೊಟ್ಟಿಯ ಮೇಲೆ ‘ಈ ನೀರು ಕುಡಿಯಬೇಡಿ’ ಎಂದು ಹೀಗೇ ಸಣ್ಣಗೆ ಬರೆದೆ. ಬಣ್ಣ ತೀರುತ್ತಾ ಬಂದು ‘ಬೇಡಿ’ ಕಾಣಲೇ ಇಲ್ಲ. ಎರಡನೇ ತರಗತಿಯ ಹುಡುಗನೊಬ್ಬ ‘ನೀರು ಕುಡಿಯ’ ಅಂತ ಓದಿ ಬೊಗಸೆ ಒಡ್ಡಿದ. ಅವನ ಅಕ್ಕ ಓಡಿಬಂದು ತಡೆದಳು. ಅವತ್ತೇ ತುಂಬು ಬಣ್ಣದಲ್ಲಿ ದಪ್ಪಗೆ ತಿದ್ದಿದೆ.

ನೆನಪಿಡಿ: ಹೆಸರಿಗೆ ಒಣ ಬ್ರಷ್ಷು, ಎಚ್ಚರಿಕೆಗೆ ತುಂಬು ಬ್ರಷ್ಷು.