ಹಳೇ ಕೋವಿಯ ಮಾಡೆಲ್ ಗುರುತಿಸಿ: ಹೆಗ್ಗೋಡಿನಿಂದ ಸ್ವೀಡನ್ನಿನವರೆಗೆ 9 ಸೂತ್ರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಅಡಿಕೆ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇದೆ. ಯಾವ ಮಾಡೆಲ್ ಎಂದು ಕೇಳಿ ನೋಡಿ. "ಅಜ್ಜನ ಕಾಲದ್ದು, ಇಂಗ್ಲಿಷರದ್ದು" ಎನ್ನುತ್ತಾರೆ. ಇದು ಉತ್ತರವಲ್ಲ. ಸರಿಯಾದ ಉತ್ತರ ಕೊಡಬಲ್ಲವರು ಇಡೀ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಜನ. ಮ್ಯೂಸಿಯಂ, ಪೊಲೀಸ್ ಠಾಣೆ, ನಾಟಕ ಕಂಪನಿ, ಇತಿಹಾಸ ಸಂಶೋಧನೆ, ಎಲ್ಲ ಕಡೆಯೂ ಈ ಕಣ್ಣು ಬೇಕು. ಆ ಬೆರಳೆಣಿಕೆಯಲ್ಲಿ ನೀವೂ ಒಬ್ಬರಾಗಿ.

ಕಲಿಯಲು ಒಳ್ಳೆಯ ಪಠ್ಯಪುಸ್ತಕ ಸ್ವೀಡನ್ನಿನ ಹಳೇ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳು. ದೂರದ್ದು ಅನ್ನಿಸಿತೇ? ನಿಮ್ಮ ತೋಟದಲ್ಲಿ ಕಳೆ ಹೊಡೆಯುವ ಮಿಷನ್ ಅಥವಾ ಮರ ಕೊಯ್ಯುವ ಚೈನ್‌ಸಾ ಹಸ್ಕ್‌ವರ್ನಾ ಆಗಿದ್ದರೆ ಅದರ ಲೋಗೋ ನೋಡಿ. ನಳಿಗೆಯ ತುದಿಯಿಂದ ಕಾಣುವ ಗುರಿಕಣ್ಣು ಅದು. 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಶುರುವಾದ ಕಂಪನಿ 1903ರಲ್ಲಿ ಮೋಟಾರ್ ಸೈಕಲ್, 1959ರಲ್ಲಿ ಚೈನ್‌ಸಾ ತಯಾರಿಕೆಗೆ ಇಳಿಯಿತು. ನಾವು ಓದಲಿರುವ ಶಿಕಾರಿ ರೈಫಲ್‌ಗಳು ಅದೇ ಕಂಪನಿಯವು.

1. ಮೊದಲು ಕಾನೂನು, ಆಮೇಲೆ ಕುತೂಹಲ.
ಲೈಸೆನ್ಸ್‌ದಾರರು ಎದುರಿಗಿದ್ದಾಗ ಮಾತ್ರ ಕೋವಿ ನೋಡಿ. ಅದು ಖಾಲಿಯೆಂದು ಅವರೇ ತೆರೆದು ತೋರಿಸಲಿ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಒಮ್ಮೆ ಪೂರ್ತಿ ಓದಿ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ 5 ವರ್ಷ. ಶಿಕಾರಿಯ ಆಸೆ ಇದ್ದರೆ ಇಲ್ಲಿಗೇ ಬಿಡಿ. 1972ರ ವನ್ಯಜೀವಿ ಕಾಯ್ದೆ ಆ ಬಾಗಿಲನ್ನು ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ನಿಮ್ಮದು ಓದುವ ಕೆಲಸ. ಶಿಸ್ತಿಲ್ಲದವರಿಗೆ ಯಾವ ಮನೆಯವರೂ ಎರಡನೇ ಸಲ ಕೋವಿ ತೋರಿಸುವುದಿಲ್ಲ.

2. "ನಂಗೆ ಇದೆಲ್ಲ ತಿಳಿಯಲ್ಲ" ಎನ್ನುವ ಚಾಳಿ ಬಿಡಿ.
ಸಾಗರದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮುಷ್ಟಿ ಅಡಿಕೆ ನೋಡಿಯೇ ಹೇಳುವವರು ನಿಮ್ಮ ಮನೆಯಲ್ಲೇ ಇದ್ದಾರೆ. ಆ ಕಣ್ಣು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ, ನೋಡಿ ನೋಡಿ ಬಂದದ್ದು. ಅನುಮಾನ ಬಂದ ಕೂಡಲೇ ಸ್ಕೇಲ್ ಕೈಗೆತ್ತಿಕೊಳ್ಳಿ. ಅಳತೆ ಸಿಕ್ಕಿದ ಮೇಲೆ ಅನುಮಾನಕ್ಕೆ ಜಾಗವಿಲ್ಲ.

3. ಹೆಸರನ್ನು ಕೊನೆಗೆ ಬರೆಯಿರಿ.
ಬಹಳ ಜನ ಸೋಲುವುದು ಇಲ್ಲೇ. "ಮೌಸರ್" ಎಂಬ ರೈಫಲ್ ಹೆಸರನ್ನು ಯಾರೋ ಹೇಳುತ್ತಾರೆ, ಮುಂದೆ ಕಂಡದ್ದೆಲ್ಲ ಮೌಸರ್ ಆಗುತ್ತದೆ. ಬದಲಿಗೆ ಮೂರು ಪ್ರಶ್ನೆ ಕೇಳಿ. ಮದ್ದು ತುಂಬುವುದು ಮುಂದಿನಿಂದಲೋ ಹಿಂದಿನಿಂದಲೋ? ನಳಿಗೆಯ ಒಳಮೈ ನುಣ್ಣಗಿದೆಯೋ, ಸುರುಳಿ ಗೀರು ಇದೆಯೋ? ಹಿಂಬದಿ ತೆರೆಯುವುದು ಹೇಗೆ?

ಮುಂದಿನಿಂದ ತುಂಬುವುದಾದರೆ ಕೇಪಿನ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಅದು ಎಸ್‌ಬಿಎಂಎಲ್ ಅಥವಾ ಡಿಬಿಎಂಎಲ್. ಹಿಂದಿನಿಂದ ತುಂಬುವ ತೋಟಾ ಕೋವಿ ಎಸ್‌ಬಿಬಿಎಲ್ ಅಥವಾ ಡಿಬಿಬಿಎಲ್. ಎಸ್ ಎಂದರೆ ಒಂಟಿ ನಳಿಗೆ, ಡಿ ಎಂದರೆ ಜೋಡಿ ನಳಿಗೆ. ಬೆಳೆ ರಕ್ಷಣೆಗೆಂದು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಹೆಸರಿಸುವುದು ಮುಂದಿನಿಂದ ತುಂಬುವ ಕೋವಿಯನ್ನೇ. ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ ಏಕೆ ಉಳಿದು ಬಂತು ಎಂಬುದಕ್ಕೆ ಇದೂ ಒಂದು ಕಾರಣ. ಇನ್ನು 12 ಬೋರ್ ಎಂದರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟು, ಸುಮಾರು 18.5 ಮಿ.ಮೀ. ಇಂಟರ್‌ವ್ಯೂನಲ್ಲಿ ಇದೊಂದನ್ನು ಸರಿಯಾಗಿ ಹೇಳಿ, ಎದುರಿಗಿರುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

4. ಬೋಲ್ಟ್ ಅರ್ಥ ಮಾಡಿಕೊಳ್ಳಿ. ಅರ್ಧ ಕೆಲಸ ಮುಗಿಯಿತು.
ನಳಿಗೆಯ ಹಿಂಬಾಗಿಲಿಗೆ ಹಾಕುವ ಅಗುಳಿಯೇ ಬೋಲ್ಟ್. ಎತ್ತಿ ಹಿಂದಕ್ಕೆ ಎಳೆದರೆ ತೆರೆಯುತ್ತದೆ, ಮುಂದಕ್ಕೆ ತಳ್ಳಿ ಕೆಳಕ್ಕೆ ಮಡಚಿದರೆ ಬೀಗ ಬೀಳುತ್ತದೆ. ಎಲ್ಲ ರೈಫಲ್ ಹೀಗಿರುವುದಿಲ್ಲ. ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆ ಶಿಕಾರಿ ಕಥೆಗಾರ ಕೆನೆತ್ ಆ್ಯಂಡರ್ಸನ್ ಗೊತ್ತು. ಶಿವಮೊಗ್ಗದಿಂದ ಸಾಗರಕ್ಕೆ ಬರುವ ದಾರಿಯ ಚೋರಡಿಯ ಹುಲಿಯ ಬಗ್ಗೆಯೂ ಆತ ಬರೆದಿದ್ದಾನೆ. ಆತನ ಮೆಚ್ಚಿನ .405 ವಿಂಚೆಸ್ಟರ್ ಬೋಲ್ಟಿನದಲ್ಲ, ಲಿವರಿನದು.

ಬೋಲ್ಟ್ ರೈಫಲ್‌ಗಳಲ್ಲಿ ಎರಡು ಗುರುತು ಹುಡುಕಿ. ಒಂದು, ಲಗ್, ಅಂದರೆ ಬೀಗ ಹಾಕುವ ಗುಬಟು. ಮೌಸರ್ ಜಾತಿಯಲ್ಲಿ ಎರಡು ಮುಖ್ಯ ಲಗ್ ಬೋಲ್ಟಿನ ಮುಂತುದಿಯಲ್ಲಿವೆ. ನಮ್ಮ ದೇಶದ ಈಶಾಪುರ ರೈಫಲ್ ಫ್ಯಾಕ್ಟರಿಯ .315 ಸ್ಪೋರ್ಟಿಂಗ್ ರೈಫಲ್ ಲೀ-ಎನ್‌ಫೀಲ್ಡ್ ವಂಶದ್ದು, ಅದರ ಲಗ್ ಹಿಂದಿದೆ. ಎರಡು, ಸ್ಪ್ರಿಂಗ್ ಬಿಗಿಯಾಗುವ ಹೊತ್ತು. ಸ್ವೀಡನ್ ಸೇನೆಯ 1896ರ ಮೌಸರ್‌ನಲ್ಲಿ ಬೋಲ್ಟ್ ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಕೈಗೆ ಬಿಗಿ ತಾಗುತ್ತದೆ. 1898ರ ಮೌಸರ್‌ನಲ್ಲಿ ಹಿಡಿ ಮೇಲಕ್ಕೆ ಎತ್ತುವಾಗಲೇ ಬಿಗಿ. 98ಕ್ಕೆ ಹಿಂದುಗಡೆ ಮೂರನೇ ಸೇಫ್ಟಿ ಲಗ್ ಕೂಡ ಇದೆ, 96ಕ್ಕೆ ಇಲ್ಲ. ಮಾಲೀಕರು ಒಮ್ಮೆ ಖಾಲಿ ಬೋಲ್ಟ್ ಆಡಿಸಿ ತೋರಿಸಿದರೆ ಸಾಕು, ಎರಡು ವರ್ಷಗಳ ಅಂತರದಲ್ಲಿ ಬಂದ ಎರಡು ವಿನ್ಯಾಸಗಳನ್ನು ನೀವು ಬೇರ್ಪಡಿಸಬಲ್ಲಿರಿ.

5. ಮೂರು ಉದ್ದ ಬಾಯಿಪಾಠ ಮಾಡಿ.
450, 739, 600. ಇವು ಕ್ರಮವಾಗಿ ಸ್ವೀಡನ್ನಿನ ಎಂ-94 ಕಾರ್ಬೈನ್, ಎಂ-96 ಉದ್ದ ರೈಫಲ್, ಎಂ-38 ಗಿಡ್ಡ ರೈಫಲ್‌ಗಳ ನಳಿಗೆಯುದ್ದ, ಮಿಲಿಮೀಟರ್‌ನಲ್ಲಿ. ಮೂರಕ್ಕೂ 6.5×55 ತೋಟಾ. ಎಂ-38ರಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಕಂತಿನವು ಹಳೇ ಎಂ-96ರ ನಳಿಗೆ ಕತ್ತರಿಸಿ ಮಾಡಿದವು, ಅವುಗಳ ಬೋಲ್ಟ್ ಹಿಡಿ ನೇರ. 1942ರಿಂದ 44ರವರೆಗೆ ಹಸ್ಕ್‌ವರ್ನಾ ಹೊಸದಾಗಿ ಮಾಡಿದವುಗಳ ಹಿಡಿ ಕೆಳಕ್ಕೆ ಬಾಗಿದೆ. ರಿಸೀವರ್, ಅಂದರೆ ಬೋಲ್ಟ್ ಕೂರುವ ಲೋಹದ ಮೈ, ಅದರ ಮೇಲಿನ ಕಾರ್ಖಾನೆಯ ಹೆಸರು, ಇಸವಿ ಎರಡನ್ನೂ ಓದಿ.

6. ನಾಲ್ಕು ನಂಬರಿನಲ್ಲಿ ಹಸ್ಕ್‌ವರ್ನಾ ಗೆಲ್ಲಿರಿ: 46, 640, 1640, 1900.
ಇಲ್ಲಿಂದ ಶಿಕಾರಿ ರೈಫಲ್. ಕಷ್ಟ ಏನೆಂದರೆ ಬಹುತೇಕ ರೈಫಲ್‌ಗಳ ಮೇಲೆ ಮಾಡೆಲ್ ನಂಬರ್ ಕೊರೆದೇ ಇಲ್ಲ, ಅದು ಕ್ಯಾಟಲಾಗಿನಲ್ಲಿದೆ. ಹಾಗಾಗಿ ಭಾಗಗಳೇ ಸಾಕ್ಷಿ ಹೇಳಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

46: ಸೇನೆಯ 94-96ರ ಆ್ಯಕ್ಷನ್ (ಬೋಲ್ಟ್, ರಿಸೀವರ್ ಸೇರಿದ ಭಾಗ) ಮೇಲೆಯೇ ಕಟ್ಟಿದ ಶಿಕಾರಿ ರೈಫಲ್. ಬೋಲ್ಟ್ ಮುಚ್ಚುವಾಗ ಬಿಗಿ, ಮೂರನೇ ಲಗ್ ಇಲ್ಲ.
640: ಬೆಲ್ಜಿಯಂನ ಎಫ್‌ಎನ್ ಕಂಪನಿಯ ಮೌಸರ್ 98 ಆ್ಯಕ್ಷನ್. ತೆರೆಯುವಾಗ ಬಿಗಿ, ಮೂರನೇ ಲಗ್ ಇದೆ. ಇದರಲ್ಲೇ ಒಳಭೇದ ನೋಡಿ. ಮೊದಲಿನವುಗಳಲ್ಲಿ ರಿಸೀವರ್‌ನ ಎಡಗೋಡೆಯಲ್ಲಿ ಹೆಬ್ಬೆರಳು ಇಳಿಯುವಷ್ಟು ಒಂದು ಕಚ್ಚು ಇದೆ. ಸೈನಿಕರು ಕ್ಲಿಪ್‌ನಿಂದ ತೋಟಾ ಒತ್ತಲು ಮಾಡಿಕೊಂಡಿದ್ದ ಜಾಗ ಅದು. ಬೇಟೆಗಾರನಿಗೆ ಬೇಡವಾದ್ದರಿಂದ ನಂತರದ 640ಗಳಲ್ಲಿ ಆ ಗೋಡೆ ಪೂರ್ತಿಯಾಯಿತು.
1640: 1950ರ ದಶಕದಲ್ಲಿ ಹಸ್ಕ್‌ವರ್ನಾ ತಾನೇ ರೂಪಿಸಿದ ಆ್ಯಕ್ಷನ್. 98ಕ್ಕಿಂತ ಸಣಕಲು, ಹಗುರ. ತೆರೆಯುವಾಗ ಬಿಗಿ, ಎಡಗೋಡೆ ಪೂರ್ತಿ. ಬೋಲ್ಟ್ ಪಕ್ಕದಲ್ಲಿ ಖಾಲಿ ಕವಚ ಹೊರಗೆಳೆಯುವ ಉದ್ದನೆಯ ಎಕ್ಸ್‌ಟ್ರಾಕ್ಟರ್ ಪಟ್ಟಿ ಇನ್ನೂ ಉಳಿದಿದೆ.
1900: 1960ರ ದಶಕದ ಕೊನೆಯದು. ಆ ಉದ್ದ ಪಟ್ಟಿ ಮಾಯ, ಬೋಲ್ಟಿನ ಮೂತಿಯಲ್ಲೇ ಪುಟ್ಟ ಕೊಕ್ಕೆ.

ಬಿಗಿ ಯಾವಾಗ, ಕಚ್ಚು ಇದೆಯೇ, ಪಟ್ಟಿ ಇದೆಯೇ, ಆ್ಯಕ್ಷನ್ 98ಕ್ಕಿಂತ ಸಣಕಲೇ. ಈ ನಾಲ್ಕನ್ನೇ ಕೇಳುತ್ತಾ ಹೋಗಿ, ನಾಲ್ಕೂ ತಾವಾಗಿಯೇ ಬೇರೆಯಾಗುತ್ತವೆ.

7. ಕ್ಯಾಲಿಬರ್‌ನ ಎರಡೂ ಅಂಕಿ ಓದಿ.
9.3×57, 9.3×62. ಮೊದಲಂಕಿ ಗುಂಡಿನ ದಪ್ಪ, ಎರಡನೆಯದು ತೋಟಾ ಕವಚದ ಉದ್ದ. ಎರಡೂ ಸ್ವೀಡನ್ನಿನಲ್ಲಿ ಮೂಸ್ ಎಂಬ ಭಾರೀ ಜಿಂಕೆಯ ಬೇಟೆಗೆ ಬಳಸಿದವು. ದಪ್ಪ ಒಂದೇ ಎಂದು ತೋಟಾ ಒಂದೇ ಅಂದುಕೊಳ್ಳಬೇಡಿ. 57ರ ಛೇಂಬರನ್ನು, ಅಂದರೆ ತೋಟಾ ಕೂರುವ ಗೂಡನ್ನು, ಮುಂದೆ ಯಾರೋ 62ಕ್ಕೆ ಕೊರೆಸಿರಲೂಬಹುದು. ಹಾಗಾಗಿ ನಳಿಗೆಯ ಮೇಲಿನ ಬರಹ ಓದಿ, ಆದರೆ ಅದನ್ನೇ ಕೊನೆಯ ಮಾತು ಎನ್ನಬೇಡಿ. ಛೇಂಬರ್ ಅಳೆಯುವುದು ಲೈಸೆನ್ಸ್ ಇರುವ ಗನ್‌ಸ್ಮಿತ್ ಕೆಲಸ, ಅವರಿಗೇ ಬಿಡಿ.

ಮರದ ಹಿಡಿಯ ವಿಷಯದಲ್ಲೂ ಇದೇ ಎಚ್ಚರ ಇರಲಿ. ಮಲೆನಾಡಿನ ಮಳೆಗೆ, ಗೆದ್ದಲಿಗೆ ಸಿಕ್ಕ ಹಿಡಿಯನ್ನು ಊರಿನ ಬಡಗಿ ಬದಲಿಸಿರುತ್ತಾರೆ. ಹಿಡಿ ನೋಡಿ ಮಾಡೆಲ್ ಹೇಳುವವರು ಮೊದಲ ಮನೆಯಲ್ಲೇ ತಪ್ಪುತ್ತಾರೆ. ಬೋಲ್ಟ್ ಮತ್ತು ರಿಸೀವರ್ ಮೇಲಿನ ನಂಬರ್ ತಾಳೆ ಹಾಕಿ.

8. ಕಲಿತದ್ದನ್ನು ಎಲ್ಲಿ ಬಳಸುತ್ತೀರಿ ಎಂದು ಈಗಲೇ ನಿರ್ಧರಿಸಿ.
ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆಯುತ್ತಿದ್ದೀರಾ? ಪ್ರಾಪರ್ಟಿ ವಿಭಾಗ ಕೇಳಿ ತೆಗೆದುಕೊಳ್ಳಿ. 1850ರಲ್ಲಿ ನಡೆಯುವ ನಾಟಕದ ಪಾತ್ರ ಮೌಸರ್ ಹಿಡಿದು ಬಂದರೆ ಅದನ್ನು ತಡೆಯುವವರು ನೀವಾಗಿ. ಇತಿಹಾಸದ ವಿದ್ಯಾರ್ಥಿಯೇ? ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ 2018ರಲ್ಲಿ 1,000ಕ್ಕೂ ಹೆಚ್ಚು ಟಿಪ್ಪು ಕಾಲದ ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಎಲ್ಲದರ ಅಳತೆಯೂ ಒಂದೇ ಅಲ್ಲ. ರೈಫಲ್ ಓದಿ ಪಳಗಿದ ಕಣ್ಣು ಅಲ್ಲಿಯೂ ನಡೆಯುತ್ತದೆ. ಕಂದಾಯ ಅಥವಾ ಪೊಲೀಸ್ ಇಲಾಖೆಯ ಪರೀಕ್ಷೆ ಬರೆಯುತ್ತಿದ್ದೀರಾ? ಚುನಾವಣೆ ಬಂದಾಗ ಊರ ಕೋವಿಗಳೆಲ್ಲ ಠಾಣೆಯಲ್ಲಿ ಸಾಲಾಗಿ ಒರಗುತ್ತವೆ. ಆಗ ರಸೀದಿಯಲ್ಲಿ ತಪ್ಪಿಲ್ಲದೆ ಬರೆಯಬಲ್ಲವರಿಗೆ ಬೆಲೆ.

9. ಒಂದು ಕೋವಿಗೆ ಒಂದು ಪುಟ.
ಮಾಲೀಕರ ಒಪ್ಪಿಗೆ ಪಡೆದು ಬರೆಯಿರಿ: ತುಂಬುವ ಬಗೆ, ನಳಿಗೆಯ ಸಂಖ್ಯೆ, ಉದ್ದ, ಒಳಮೈ, ತೆರೆಯುವ ಬಗೆ, ಲಗ್, ಬರಹ, ಮುದ್ರೆ, ಬದಲಾದ ಭಾಗ. ಎಡ, ಬಲ, ಮೇಲಿನಿಂದ ಮೂರು ಫೋಟೊ ಸಾಕು. ನಂಬರ್ ಕಾಣುವ ಫೋಟೊವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ, ಅದು ಮನೆಯವರ ಭದ್ರತೆಯ ವಿಷಯ. ಮಾಡೆಲ್ ಕಾಲಂ ಕೊನೆಯ ಸಾಲಿನಲ್ಲಿರಲಿ. ಮೇಲಿನ ಸಾಲುಗಳು ಅದನ್ನು ತುಂಬಿಸದಿದ್ದರೆ ಖಾಲಿ ಬಿಡಿ, ಊಹೆ ಬರೆಯಬೇಡಿ. ಮೇಲಿನ ಅಳತೆಗಳು ಸರಿಯಿದ್ದರೆ ನಿಮಗಿಂತ ತಿಳಿದವರು ಆ ಒಂದು ಸಾಲನ್ನು ಐದು ನಿಮಿಷದಲ್ಲಿ ತುಂಬಿ ಕೊಡುತ್ತಾರೆ. ಊಹೆ ಬರೆದ ಪುಟವನ್ನಾದರೆ ಮೊದಲಿನಿಂದ ಮತ್ತೆ ಬರೆಯಬೇಕು.