ಆರೋಗ್ಯ ಪ್ರಶ್ನೋತ್ತರ: ಮೇಷ್ಟ್ರಿಗೆ ಕೌನ್ಸೆಲರ್ ಯಾರು?

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯಿಂದ ನನಗೆ ಬರುವ ಪತ್ರಗಳು ಹೆಚ್ಚಾಗಿ ಸಾಫ್ಟ್‌ವೇರ್‌ನವರವು: ಬೆನ್ನುನೋವು, ನಿದ್ದೆ, ಕೊಲೆಸ್ಟರಾಲ್. ಪೀಣ್ಯದವರು ಬರೆಯುವುದು ಕಿವಿ, ಕೈಬೆರಳು, ಕೆಮ್ಮಿನ ಬಗ್ಗೆ. ಈ ಸಲ ಮೂರೂ ಕಡೆಯಿಂದ ಕಾಲೇಜಿನವರು ಬರೆದಿದ್ದಾರೆ. ಕಂಪನಿ, ಕಾರ್ಖಾನೆಗಳ ನಡುವೆಯೇ ಎಂಜಿನಿಯರಿಂಗ್ ಕಾಲೇಜುಗಳು, ಖಾಸಗಿ ವಿಶ್ವವಿದ್ಯಾಲಯಗಳು ಎದ್ದು ನಿಂತಿರುವ ಜಾಗ ಅದು. ಅಲ್ಲಿನ ಮೇಷ್ಟ್ರು, ಅಟೆಂಡರು, ಗುಮಾಸ್ತರಿಗೂ ಕೆಲಸದಿಂದ ಕಾಯಿಲೆ ಬರುತ್ತದೆ ಅನ್ನುವುದು ಯಾಕೋ ಯಾರಿಗೂ ಹೊಳೆಯುವುದಿಲ್ಲ. ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.

*ಡಾಕ್ಟರೇ, ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ವಯಸ್ಸು 38. ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಓಡಾಟ. ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೊದಲು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಿಂದ ಹೀಗೆ ಅಂದುಕೊಂಡಿದ್ದೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬಂತು, ದಾರಿಯ ಸುಸ್ತು ಇಳಿಯಿತು, ಎದೆ ಬಡಿತ ಇಳಿಯಲಿಲ್ಲ. ಇಸಿಜಿ, ಬಿಪಿ ನಾರ್ಮಲ್. ಪಾಠದ ಜೊತೆಗೆ ನ್ಯಾಕ್ ಫೈಲು, ಪೇಪರ್ ಪಬ್ಲಿಕೇಷನ್, ಬೇಸಿಗೆಯಲ್ಲಿ ಅಡ್ಮಿಷನ್ ಟಾರ್ಗೆಟ್. ಊರಿಗೆ ಹೋದರೆ ನಾಲ್ಕೈದು ದಿನಕ್ಕೆ ನಿದ್ದೆ ಸರಿಯಾಗುತ್ತದೆ. ಎಂಟು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಆಲ್‌ಪ್ರಜೋಲಾಮ್ ಅರ್ಧ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಒಂದು ಬೇಕಾಗುತ್ತಿದೆ. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರೆ, ಆದರೆ ಅವರು ವಿದ್ಯಾರ್ಥಿಗಳಿಗೆ. ನಿಮ್ಹಾನ್ಸ್‌ಗೆ ಹೋದರೆ ಹೆಸರು ಕೆಡುತ್ತದಾ? ಕೆಲಸಕ್ಕೆ ತೊಂದರೆಯಾಗುತ್ತದಾ?*
— ಹೆಸರು ಬೇಡ

ಮೊದಲು ಮಾತ್ರೆಯ ಮಾತು. ಆಲ್‌ಪ್ರಜೋಲಾಮ್ ಚೀಟಿಯಿಲ್ಲದೆ ಮಾರಬಾರದ ಔಷಧಿ. ಕೆಲವು ವಾರಗಳಲ್ಲೇ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅರ್ಧ ಸಾಲದೆ ಒಂದು ಬೇಕಾಗುತ್ತದೆ. ನಿಮಗೆ ಆಗುತ್ತಿರುವುದು ಅದೇ. ಹಾಗಂತ ಈ ಅಂಕಣ ಓದಿ ಇವತ್ತೇ ನಿಲ್ಲಿಸಬೇಡಿ. ಎಂಟು ತಿಂಗಳ ಅಭ್ಯಾಸವನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಇನ್ನೂ ಕೆಡುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಕೈಯಲ್ಲಿ ವಾರವಾರಕ್ಕೆ ಇಳಿಸಬೇಕು. ಅದರ ಮೇಲೆ ಮದ್ಯ ಮಾತ್ರ ಬೇಡವೇ ಬೇಡ, ಎರಡೂ ಸೇರಿದರೆ ಉಸಿರಾಟಕ್ಕೇ ಕುತ್ತು.

ಎದೆ ಬಡಿತ, ಸುಸ್ತು ಎಂದು ಬಂದವರೆಲ್ಲರನ್ನೂ ಮನಸ್ಸಿನ ಖಾತೆಗೆ ಬರೆಯುವುದಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಸಸ್ಯಾಹಾರಿಯಾಗಿದ್ದರೆ ಬಿ12 ಒಮ್ಮೆ ನೋಡಿಸಿ. ಅವೆಲ್ಲ ಸರಿಯಿದ್ದರೆ ನೀವೇ ಬರೆದಿರುವ ಒಂದು ಸಾಲು ನನಗೆ ಎಲ್ಲ ರಿಪೋರ್ಟ್‌ಗಿಂತ ಮುಖ್ಯ: ಊರಿಗೆ ಹೋದರೆ ನಿದ್ದೆ ಬರುತ್ತದೆ ಅನ್ನುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಬರ್ನ್‌ಔಟ್’ ಅನ್ನುವುದನ್ನು ವಿವರಿಸಿತು. ಅದು ರೋಗವಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂದಿತು. ಅದಕ್ಕೆ ಮೂರು ಗುರುತು ಕೊಟ್ಟಿತು: ಬತ್ತಿಹೋದಂಥ ದಣಿವು, ಕೆಲಸದ ಮೇಲೆ ಅಸಡ್ಡೆ ಅಥವಾ ಕಹಿ, ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನಿಸುವುದು. ರಜೆಯಲ್ಲಿ ಇವು ಸಡಿಲವಾಗುತ್ತವೆ. ಖಿನ್ನತೆ ಹಾಗಲ್ಲ, ಅದು ಊರಿಗೂ ಜೊತೆಯಲ್ಲೇ ಬರುತ್ತದೆ. ಎರಡು ವಾರ ಮೀರಿ ಯಾವುದರಲ್ಲೂ ಖುಷಿ ಇಲ್ಲ, ಊಟ ರುಚಿಸುವುದಿಲ್ಲ, ಮಕ್ಕಳ ಮಾತೂ ಬೇಡ ಅನ್ನಿಸಿದರೆ ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ಮೊದಲನೆಯದನ್ನು ಬಹಳ ಕಾಲ ಹಾಗೇ ಬಿಟ್ಟರೆ ಎರಡನೆಯದಕ್ಕೆ ದಾರಿಯಾಗುತ್ತದೆ. ನೀವು ಆ ಗಡಿಯಲ್ಲಿ ಎಲ್ಲಿದ್ದೀರಿ ಅನ್ನುವುದನ್ನು ಎದುರು ಕೂತು ಮಾತಾಡಿದವರೇ ಹೇಳಬೇಕು.

ಖಿನ್ನತೆಗೆ ಕೊಡುವ ಔಷಧಿ ನೀವು ಈಗ ನುಂಗುತ್ತಿರುವಂಥದ್ದಲ್ಲ. ಅದು ಚಟ ಹಿಡಿಸುವುದಿಲ್ಲ, ಎರಡರಿಂದ ನಾಲ್ಕು ವಾರಕ್ಕೆ ಕೆಲಸ ಶುರುಮಾಡುತ್ತದೆ, ಹಗುರವಾಯಿತೆಂದು ನೀವಾಗಿ ಬಿಡಬಾರದು. ಆದರೆ ಒಂದು ಮಾತು: ಮಾತ್ರೆಯಿಂದ ಟೈಮ್‌ಟೇಬಲ್ ಬದಲಾಗುವುದಿಲ್ಲ. ಅಡ್ಮಿಷನ್ ಟಾರ್ಗೆಟ್ಟೇ ಕಾರಣವಾದರೆ ಅದನ್ನು ಎಚ್‌ಓಡಿ ಹತ್ತಿರ ಬರಹದಲ್ಲಿ ಕೇಳಬೇಕು, ಸಾಧ್ಯವಾದರೆ ನಾಲ್ಕು ಜನ ಸಹೋದ್ಯೋಗಿಗಳು ಸೇರಿ. ಒಬ್ಬರೇ ಕೇಳಿದರೆ ‘ಅವರಿಗೆ ಆಗುವುದಿಲ್ಲವಂತೆ’ ಅಂತ ಮಾತಾಗುತ್ತದೆ, ನಾಲ್ವರು ಕೇಳಿದರೆ ಕೆಲಸದ ಹಂಚಿಕೆಯ ಪ್ರಶ್ನೆಯಾಗುತ್ತದೆ.

ಹೆಸರು ಕೆಡುವ ಮಾತಿಗೆ ಬರೋಣ. ಹೊಸೂರು ರಸ್ತೆಯ ಆ ಆಸ್ಪತ್ರೆಯನ್ನು ನಮ್ಮ ಅಜ್ಜಂದಿರು ಏನೆಂದು ಕರೆಯುತ್ತಿದ್ದರೆಂದು ನನಗೂ ಗೊತ್ತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು, ಹಳೆಯ ಹೆಸರು ನಮ್ಮ ಬಾಯಲ್ಲಿ ಮಾತ್ರ ಉಳಿದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಚಿಕಿತ್ಸೆ ಕೊಡುವವರು ನಿಮ್ಮ ಒಪ್ಪಿಗೆಯಿಲ್ಲದೆ ಕಾಲೇಜಿಗೆ ಹೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅನಾರೋಗ್ಯವೂ ಸೇರಿದೆ. ರಜೆಗೆ ಪ್ರಮಾಣಪತ್ರ ಬೇಕಾದರೆ ‘ರೋಗದ ಹೆಸರು ಬರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಿ’ ಅಂತ ವೈದ್ಯರಿಗೆ ಹೇಳಿ. ಎಷ್ಟು ದಿನ ವಿಶ್ರಾಂತಿ ಅನ್ನುವುದೇ ಅಲ್ಲಿ ಮುಖ್ಯ.

ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಬಾರದೆಂದೇನಿಲ್ಲ. ಕೂತ ತಕ್ಷಣ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ಬರೆದುಕೊಳ್ಳುವುದನ್ನು ಬೇರೆ ಯಾರು ಓದುತ್ತಾರೆ?’ ಉತ್ತರ ತಡವರಿಸಿದರೆ ಹೊರಗಿನವರನ್ನು ನೋಡಿ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಆಸ್ಪತ್ರೆಯ ಗೇಟು ದಾಟಲು ಅಳುಕುವವರಿಗೆ ಅದು ಸುಲಭ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ, ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಅದರ ತಾಂತ್ರಿಕ ನೆರವು ನಿಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರುವ ಐಐಐಟಿ-ಬೆಂಗಳೂರಿನದು. ಶಿಕ್ಷಕರ ಸಮಸ್ಯೆ ಶಿಕ್ಷಣ ಸಂಸ್ಥೆಯವರಿಗೇ ಅರ್ಥವಾಗಿರಬೇಕು ಅಂತ ನಾನು ನನ್ನಷ್ಟಕ್ಕೆ ನಗುತ್ತಿರುತ್ತೇನೆ.

*ವೈಟ್‌ಫೀಲ್ಡ್ ಹತ್ತಿರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್ ಸರ್, ಏಜೆನ್ಸಿ ಮೂಲಕ. ಆಸಿಡ್ ಬಾಟಲಿ ತುಂಬಿಸುವುದು, ಸಾಮಾನು ತೊಳೆಯುವುದು ನನ್ನ ಕೆಲಸ. ಮೂರು ತಿಂಗಳಿಂದ ಕೆಮ್ಮು, ಎದೆ ಬಿಗಿತ. ಭಾನುವಾರ ಕಡಿಮೆ. ಹೊಗೆ ಎಳೆಯುವ ಗೂಡು ಇದೆ, ಅದರ ಫ್ಯಾನ್ ಕೆಟ್ಟಿದೆ, ಒಳಗೆ ಹಳೆಯ ಬಾಟಲಿ ಜೋಡಿಸಿದ್ದಾರೆ. ಸಂಬಳ 15 ಸಾವಿರ. ದೊಡ್ಡ ಆಸ್ಪತ್ರೆಗೆ ದುಡ್ಡಿಲ್ಲ.*
— ಒಬ್ಬ ಅಟೆಂಡರ್

ಭಾನುವಾರ ಕಡಿಮೆ ಎಂದಿರಲ್ಲ, ಅರ್ಧ ರೋಗ ಅಲ್ಲೇ ಪತ್ತೆಯಾಯಿತು. ಕೆಲಸದ ದಿನ ಏರಿ ರಜೆಯ ದಿನ ಇಳಿಯುವ ಕೆಮ್ಮು, ಕೆಲಸದ ಗಾಳಿಯಿಂದ ಬಂದ ಅಸ್ತಮಾ ಇರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಕ್ಷಯವಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಆಮೇಲೆ ಉಸಿರಿನ ಪರೀಕ್ಷೆ, ಸ್ಪೈರೋಮೆಟ್ರಿ.

ದುಡ್ಡಿನ ಚಿಂತೆ ಬೇಡ, ಸಂಬಳದ ಚೀಟಿ ತೆಗೆದು ನೋಡಿ. 21,000 ರೂಪಾಯಿಯೊಳಗಿನ ಸಂಬಳದವರಿಗೆ ಇಎಸ್‌ಐ ಇರುತ್ತದೆ. ನಿಮ್ಮ 15 ಸಾವಿರದಲ್ಲಿ ಶೇ 0.75, ಅಂದರೆ 113 ರೂಪಾಯಿ ಕಡಿದಿರಬೇಕು, ಏಜೆನ್ಸಿ ತನ್ನ ಕಡೆಯಿಂದ ಶೇ 3.25 ಕಟ್ಟಿರಬೇಕು. ಕಡಿತ ಕಾಣಿಸಿ ಕಾರ್ಡ್ ಕೊಟ್ಟಿಲ್ಲವಾದರೆ ಏಜೆನ್ಸಿಯನ್ನು ಬರಹದಲ್ಲಿ ಕೇಳಿ. ನಿಮಗೆ ಹತ್ತಿರವಾಗುವುದು ಇಂದಿರಾನಗರದ ಇಎಸ್‌ಐ ಆಸ್ಪತ್ರೆ. ವೈದ್ಯರು ರಜೆ ಬರೆದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುವ ಸೌಲಭ್ಯವಿದೆ, ವಂತಿಗೆ ಕಟ್ಟಿದ ದಿನಗಳ ಲೆಕ್ಕ ಸರಿಯಿರಬೇಕು ಅಷ್ಟೆ. ಮನಸ್ಸಿನ ಕಾಯಿಲೆಗೂ ಅಲ್ಲೇ ಚಿಕಿತ್ಸೆ. ದೀರ್ಘಕಾಲದ 34 ಕಾಯಿಲೆಗಳ ಇಎಸ್‌ಐ ಪಟ್ಟಿಯಲ್ಲಿ ತೀವ್ರ ಮನೋರೋಗವೂ ಇದೆ. ಇದು ನಿಮಗಲ್ಲ, ಓದುತ್ತಿರುವ ಇನ್ನೊಬ್ಬರಿಗೆ ಬೇಕಾದೀತೆಂದು ಹೇಳಿದೆ.

ಡಾಕ್ಟರಿಗೆ ತಪ್ಪದೆ ಹೇಳಬೇಕಾದ್ದು: ಯಾವ ಆಸಿಡ್, ದಿನಕ್ಕೆ ಎಷ್ಟು ಹೊತ್ತು, ಗಾಳಿಯಾಡುತ್ತದೋ ಇಲ್ಲವೋ. ಬಾಟಲಿಗಳ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ನಮ್ಮ ವೈದ್ಯರೂ ‘ಏನು ಕೆಲಸ ಮಾಡ್ತೀರಾ’ ಅಂತ ಕೇಳಿ ‘ಕಾಲೇಜಿನಲ್ಲಿ’ ಅಂದ ಕೂಡಲೇ ಮುಂದಿನ ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ. ಪೀಣ್ಯದ ಕಾರ್ಖಾನೆ ಅಂದರೆ ಕೇಳುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಯಂತ್ರ, ಹೊಗೆ, ಧೂಳಿಗೆ ಇನ್‌ಸ್ಪೆಕ್ಟರು ಬರುವ ಪದ್ಧತಿ ಇದೆ, ಕಾಲೇಜಿನ ಲ್ಯಾಬಿಗೆ ಬರುವುದು ಪರೀಕ್ಷಕರು ಮಾತ್ರ. ಕೆಲಸದ ಕಾಯಿಲೆಗಳನ್ನೇ ಅಧ್ಯಯನ ಮಾಡುವ ಐಸಿಎಂಆರ್‌ನ ದಕ್ಷಿಣ ವಲಯ ಕೇಂದ್ರ ದೇವನಹಳ್ಳಿ ಬಳಿಯ ಕನ್ನಮಂಗಲದಲ್ಲಿದೆ. ನಿಮ್ಮ ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಅಲ್ಲಿನವರನ್ನು ಸಲಹೆ ಕೇಳಬಹುದು.

ಅಲ್ಲಿಯವರೆಗೆ: ನೀಲಿ ಸರ್ಜಿಕಲ್ ಮಾಸ್ಕ್ ಆಸಿಡ್ ಆವಿಯನ್ನು ತಡೆಯುವುದಿಲ್ಲ, ಅದನ್ನು ನಂಬಬೇಡಿ. ಗೂಡಿನ ಬಾಟಲಿಗಳನ್ನು ತೆಗೆಸಿ ಫ್ಯಾನ್ ರಿಪೇರಿ ಮಾಡಿಸಬೇಕು. ಗೂಡಿನ ಬಾಯಿಗೆ ಒಂದು ಟಿಶ್ಯೂ ಪೇಪರ್ ಎಳೆ ಕಟ್ಟಿ ನೋಡಿ, ಅದು ಒಳಕ್ಕೆ ವಾಲಿದರೆ ಗೂಡು ಗಾಳಿ ಎಳೆಯುತ್ತಿದೆ ಅಂತ. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಯಾವತ್ತೂ ಬೇಡ.

*ನನ್ನ ಯಜಮಾನರು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಾರೆ. ಪಿಎಚ್‌ಡಿ ಮುಗಿದಿಲ್ಲವೆಂದು ಈ ಸಲ ಕೆಲಸ ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಎರಡು ತಿಂಗಳಿಂದ ಮಾತಿಲ್ಲ. ಮೊನ್ನೆ ಪುಸ್ತಕಗಳನ್ನೆಲ್ಲ ಒಬ್ಬ ಜೂನಿಯರ್‌ಗೆ ಕೊಟ್ಟರು. ‘ಪಿಎಫ್ ನಾಮಿನಿ ಸರಿಯಾಗಿದೆಯಾ ನೋಡ್ಕೊ’ ಅಂದರು. ಕೇಳಿದರೆ ಇಲ್ಲದ ಯೋಚನೆ ಅವರ ತಲೆಗೆ ಬರುತ್ತದೇನೋ ಎಂದು ಹೆದರಿಕೆ.*
— ಒಬ್ಬ ಗೃಹಿಣಿ, ಪೀಣ್ಯ

ಅಮ್ಮಾ, ನಿಮ್ಮ ಪತ್ರ ಬಂದ ದಿನವೇ ಉತ್ತರಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇಂಥದ್ದೇ ಮನೆಯಲ್ಲಿರುವ ಬೇರೆಯವರಿಗಾಗಿ.

ಕೇಳಿ. ನೇರವಾಗಿ ಕೇಳಿ. ‘ಸಾಯಬೇಕು ಅನ್ನಿಸ್ತಾ ಇದೆಯಾ?’ ಎಂದು ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಇಟ್ಟುಕೊಂಡವರಿಗೆ ಒಬ್ಬರಾದರೂ ಕೇಳಿದರಲ್ಲ ಎಂದು ಹಗುರಾಗುತ್ತದೆ. ಪ್ರೀತಿಯ ವಸ್ತು ಹಂಚುವುದು, ಲೆಕ್ಕಪತ್ರ ಒಪ್ಪಿಸುವುದು, ಮಾತು ನಿಲ್ಲಿಸುವುದು ಇವು ಮೂರೂ ಸೇರಿದಾಗ ಕಾಯುವಂತಿಲ್ಲ. ‘ಧೈರ್ಯ ತಗೊಳ್ಳಿ, ಮಕ್ಕಳ ಮುಖ ನೋಡಿ’ ಅನ್ನುವ ಮಾತು ಈಗ ಬೇಡ, ಅದು ಅಪರಾಧದ ಭಾರ ಹೆಚ್ಚಿಸುತ್ತದೆ. ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳ ರಾಶಿ, ಕೀಟನಾಶಕ ಅಕ್ಕ ತಂಗಿಯ ಮನೆಗೆ ಹೋಗಲಿ. ಅವರ ಜೊತೆ ಕೂತು 14416ಕ್ಕೆ ನೀವೇ ಫೋನ್ ಮಾಡಬಹುದು. ಈ ರಾತ್ರಿಯೇ ಭಯವಿದ್ದರೆ 112 ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಪೊಲೀಸ್ ಕೇಸಾಗುತ್ತದೆ ಎಂಬ ಹಳೆಯ ಹೆದರಿಕೆಗೆ ಆಸ್ಪತ್ರೆ ತಪ್ಪಿಸಬೇಡಿ. 2017ರ ಕಾಯ್ದೆಯೇ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು ಅನ್ನುತ್ತದೆ.

ಕೆಲಸ ಉಳಿಯುತ್ತದೋ ಇಲ್ಲವೋ ನನಗೆ ಹೇಳಲಾಗದು. ಅದರ ತೀರ್ಮಾನ ಅವರಿಗೆ ನಿದ್ದೆ ಬಂದ ಮೇಲೆ ಆಗಲಿ.

*ನಾನು ಪ್ರಿನ್ಸಿಪಾಲ್. ಸಿಬ್ಬಂದಿಗಾಗಿ ಏನಾದರೂ ಮಾಡಬೇಕೆಂದಿದ್ದೇನೆ. ಒತ್ತಡ ನಿವಾರಣೆಗೆ ಯೋಗ ಶಿಬಿರ, ಒಬ್ಬರ ಭಾಷಣ ಇಟ್ಟುಕೊಳ್ಳಲೇ? ಬಜೆಟ್ ಕಡಿಮೆ.*

ಇಟ್ಟುಕೊಳ್ಳಿ, ನ್ಯಾಕ್ ಫೈಲಿಗೆ ಫೋಟೋ ಆಗುತ್ತದೆ. ಆದರೆ ಶಿಬಿರವನ್ನು ದಯವಿಟ್ಟು ಭಾನುವಾರ ಇಡಬೇಡಿ.

ಖರ್ಚಿಲ್ಲದ ಕೆಲಸಗಳಿವೆ. ರಾತ್ರಿ ಎಂಟರ ಮೇಲೆ ಡಿಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆಯೊಳಗೆ ಡೇಟಾ ಕಳಿಸಿ’ ಅನ್ನುವುದನ್ನು ನಿಲ್ಲಿಸಿ. ಫೀಡ್‌ಬ್ಯಾಕ್ ಅಂಕಿಗಳನ್ನು ಎಲ್ಲರೆದುರು ಓದಬೇಡಿ. ಸಿಎಲ್ ಕೇಳಿದವರನ್ನು ಕಾರಣ ವಿವರಿಸುವಂತೆ ನಿಲ್ಲಿಸಬೇಡಿ. ಗುಂಪು ವಿಮೆ ಮಾಡಿಸಿದ್ದರೆ ಪಾಲಿಸಿ ತೆಗೆದು ಓದಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳುತ್ತದೆ, ನಿಮ್ಮ ಸಿಬ್ಬಂದಿಗೆ ಅದು ಗೊತ್ತಿರಲಾರದು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಒಬ್ಬರಾದರೂ ತರಬೇತಾದ ಕೌನ್ಸೆಲರ್ ಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು ಅಂದಿತು. ಮಕ್ಕಳ ಸಂಕಟ ಗುರುತಿಸುವ ಕೆಲಸವೂ ಹೀಗೆ ಮೇಷ್ಟ್ರ ಹೆಗಲಿಗೆ ಬಂತು. ಬರಬೇಕಾದ್ದೇ. ಹಾಗಾದರೆ ಅದೇ ಕೌನ್ಸೆಲರ್‌ನ ವಾರದ ಎರಡು ಗಂಟೆ ಸಿಬ್ಬಂದಿಗೆ ಮೀಸಲಿಡಿ, ನೋಟ್ಸ್ ನಿಮ್ಮ ಕೊಠಡಿಗೆ ಬರುವುದಿಲ್ಲವೆಂದು ಸಹಿ ಹಾಕಿ ಸುತ್ತೋಲೆ ಹೊರಡಿಸಿ. ಮೊದಲ ತಿಂಗಳು ಯಾರೂ ಬರುವುದಿಲ್ಲ. ನಿಲ್ಲಿಸಬೇಡಿ.

*ಪೀಣ್ಯ ದಾಸರಹಳ್ಳಿಯ ಕಾಲೇಜಿನಲ್ಲಿ ಉಪನ್ಯಾಸಕಿ. ಎರಡು ತಿಂಗಳಿಂದ ಗಂಟಲು ಕಟ್ಟಿದೆ. ಕ್ಲಾಸಿನಲ್ಲಿ 90 ಜನ, ಹೊರಗೆ ಲಾರಿ ಸದ್ದು. ಮೈಕ್ ಕೇಳಿದರೆ ‘ಮೇಡಂ, ನೀವು ಪಾಠ ಮಾಡ್ತೀರೋ, ಭಾಷಣ ಮಾಡ್ತೀರೋ’ ಅನ್ನುತ್ತಾರೆ.*

ಮೂರು ವಾರ ಮೀರಿದ ಒಡಕು ದನಿಯನ್ನು ಇಎನ್‌ಟಿ ವೈದ್ಯರು ಕೊಳವೆ ಹಾಕಿ ನೋಡಲೇಬೇಕು. ಹೆಚ್ಚಿನವರಲ್ಲಿ ಸಿಗುವುದು ಧ್ವನಿತಂತುಗಳ ಮೇಲೆ ಎದ್ದ ಸಣ್ಣ ಗಂಟು, ಕೂಲಿಯವರ ಅಂಗೈಯ ಜಡ್ಡಿನ ಹಾಗೆ. ಸ್ಪೀಚ್ ಥೆರಪಿಯಿಂದಲೇ ಬಹಳಷ್ಟು ಕರಗುತ್ತದೆ, ಕತ್ತರಿ ಬೇಕಾಗುವುದು ಕಡಿಮೆ. ಪಿಸುಮಾತಾಡಿ ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ, ಅದೂ ಶ್ರಮವೇ. ರಾತ್ರಿ ತಡವಾಗಿ ಉಂಡು ಮಲಗಿದರೆ ಹುಳಿತೇಗು ಗಂಟಲನ್ನು ಸುಡುತ್ತದೆ. ಮೈಕ್ ಬೇಡಿಕೆಯನ್ನು ಇಎನ್‌ಟಿ ಚೀಟಿಯಲ್ಲೇ ಬರೆಸಿಕೊಳ್ಳಿ.

*ವಿಟಿಯು ವ್ಯಾಲ್ಯುಯೇಷನ್ ಈಗ ಪರದೆಯ ಮೇಲೆ. ಸಂಜೆಗೆ ಕಣ್ಣು ಉರಿ, ಅಕ್ಷರ ಮಸುಕು, ಕತ್ತು ಹಿಡಿದುಕೊಳ್ಳುತ್ತದೆ. ವಯಸ್ಸು 46.*

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಕಿಟಕಿ, ಮರ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಸಿಗದಿದ್ದರೆ ಎರಡು ದಪ್ಪ ಪುಸ್ತಕ ಕೆಳಗಿಡಿ, ಕಾಲೇಜಿನಲ್ಲಿ ಅದಕ್ಕೇನೂ ಬರವಿಲ್ಲ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಕನ್ನಡಕ ಬದಲಿಸಿ ಎಷ್ಟು ವರ್ಷವಾಯಿತು ಅನ್ನುವುದನ್ನು ಮಾತ್ರ ನೀವು ಬರೆದಿಲ್ಲ.